ಬಟ್ಟೆ ಕಂಪನಿಯ ‘ನೈತಿಕತೆ’ಯನ್ನು ಪರೀಕ್ಷಿಸುವುದು ಹೇಗೆ? ಲೇಬಲ್‌ನಿಂದ ಜಾಹೀರಾತಿನವರೆಗೆ

ಕಾಲೇಜಿಗೆ ಹೋಗುವ ಮಕ್ಕಳು ಈಗ ಬಟ್ಟೆ ಕೊಳ್ಳುವಾಗ ಬೆಲೆ, ಬಣ್ಣ, ಫಿಟಿಂಗ್ ಇಷ್ಟನ್ನೇ ನೋಡುತ್ತಿಲ್ಲ. ಇದನ್ನು ಹೊಲಿದವರಿಗೆ ನ್ಯಾಯವಾದ ಸಂಬಳ ಸಿಕ್ಕಿತಾ ಎಂದೂ ಕೇಳತೊಡಗಿದ್ದಾರೆ. ಇದು ಕಂಪನಿಗಳಿಗೂ ಚೆನ್ನಾಗಿ ಗೊತ್ತಾಗಿದೆ. ಹಾಗಾಗಿ ಟ್ಯಾಗಿನ ಮೇಲೆ ‘ಎಥಿಕಲ್’, ‘ಸಸ್ಟೈನಬಲ್’, ‘ಕಾನ್ಷಿಯಸ್’ ಎಂಬ ಪದಗಳು ಧಾರಾಳವಾಗಿ ಬಂದು ಕೂತಿವೆ. ಇನ್ನೊಂದು ಕಡೆ, ಬಟ್ಟೆ ಕಂಪನಿಗಳು ಇದೇ ಮಕ್ಕಳ ಫೋನಿಗೆ ಕಳಿಸುವ ಫೋಟೊ, ರೀಲ್ಸ್ ನೋಡಿ ಮನೆಯವರು ಕಸಿವಿಸಿಗೊಳ್ಳುವುದೂ ಇದೆ.

ಬಟ್ಟೆ ಹೇಗೆ ತಯಾರಾಯಿತು, ಅದನ್ನು ಹದಿಹರೆಯದವರಿಗೆ ಹೇಗೆ ಮಾರುತ್ತಿದ್ದಾರೆ ಎಂಬ ಎರಡನ್ನೂ ಸಾಮಾನ್ಯ ಗ್ರಾಹಕರು ಮನೆಯಲ್ಲೇ ಕೂತು ಪರಿಶೀಲಿಸಬಹುದು. ಅದರ ಹಂತಗಳನ್ನು ಇಲ್ಲಿ ಬರೆದಿದ್ದೇನೆ. ವಿದ್ಯಾರ್ಥಿಗಳು, ಅಪ್ಪ ಅಮ್ಮಂದಿರು, ಕಾಲೇಜಿನ ಅಧ್ಯಾಪಕರು ಎಲ್ಲರೂ ಬಳಸಬಹುದು. ಆದರೆ ಮೊದಲು ಒಂದು ಕಂಪನಿಯ ಕಥೆ ಹೇಳಬೇಕು. ಮುಂದಿನ ಹಂತಗಳಲ್ಲಿ ಹೆಚ್ಚಿನವಕ್ಕೆ ಅದೇ ಆಧಾರ.

ಅಮೆರಿಕನ್ ಅಪಾರೆಲ್ ಕಲಿಸಿದ್ದು

ಕೆನಡಾದ ಮಾಂಟ್ರಿಯಲ್‌ನ ಡವ್ ಚಾರ್ನಿ 1989ರಲ್ಲಿ ಶುರುಮಾಡಿದ ಕಂಪನಿ ಅಮೆರಿಕನ್ ಅಪಾರೆಲ್. ಆಮೇಲೆ ಅದು ಲಾಸ್ ಏಂಜಲಿಸ್ ನಗರದ ನಡುವೆ ಹಳೆಯ ರೈಲ್ವೆ ಡಿಪೊ ಕಟ್ಟಡದಲ್ಲಿ ನೆಲೆಯೂರಿತು. ಅದೇ ಸೀಮೆಯ ಎಲ್ ಮಾಂಟೆಯಲ್ಲಿ 1995ರ ಆಗಸ್ಟ್‌ನಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿ ಹೊಲಿಗೆ ಮಾಡಿಸುತ್ತಿದ್ದ 72 ಮಂದಿ ಥಾಯ್ ಕಾರ್ಮಿಕರನ್ನು ಅಧಿಕಾರಿಗಳು ಬಿಡಿಸಿದ್ದರು. ಅಂಥ ಊರಿನಲ್ಲಿ ‘ನಮ್ಮ ಬಟ್ಟೆ ಇಲ್ಲೇ, ಯಾರನ್ನೂ ಹಿಂಡದೆ ತಯಾರಾದದ್ದು’ ಎಂಬ ಮಾತಿಗೆ ತೂಕವಿತ್ತು. ಬರೀ ಮಾತೂ ಆಗಿರಲಿಲ್ಲ. ಕಾರ್ಮಿಕರಿಗೆ ಗಂಟೆಗೆ ಸರಾಸರಿ 12 ಡಾಲರ್ ಸಿಗುತ್ತದೆ ಎಂದು ಕಂಪನಿ ಹೇಳುತ್ತಿತ್ತು. 2008ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ 8 ಡಾಲರ್ ಇತ್ತು. ಆರೋಗ್ಯ ವಿಮೆ, ಕಾರ್ಖಾನೆಯೊಳಗೇ ಕ್ಲಿನಿಕ್, ಇಂಗ್ಲಿಷ್ ತರಗತಿ ಎಲ್ಲ ಇದ್ದವು. ವಲಸೆ ಕಾರ್ಮಿಕರಿಗೆ ಕಾನೂನಿನ ಮಾನ್ಯತೆ ಕೊಡಿ ಎಂದು ಕಂಪನಿ ತನ್ನ ಖರ್ಚಿನಲ್ಲೇ ಪ್ರಚಾರವನ್ನೂ ಮಾಡಿತು.

ಅದೇ ಕಂಪನಿಯ ಜಾಹೀರಾತುಗಳು ಬೇರೆಯದೇ ಲೋಕ. ವೃತ್ತಿಪರ ಮಾಡೆಲ್‌ಗಳ ಬದಲು ಸಾಮಾನ್ಯ ಹುಡುಗಿಯರು, ಎಷ್ಟೋ ಸಲ ಕಂಪನಿಯ ಉದ್ಯೋಗಿಗಳು. ಹಾಸಿಗೆ, ಸೋಫಾ, ಅರೆಬರೆ ಬಟ್ಟೆ. ಇವುಗಳಲ್ಲಿ ಅನೇಕ ಫೋಟೊಗಳನ್ನು ಚಾರ್ನಿ ತಾವೇ ತೆಗೆಯುತ್ತಿದ್ದರು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2009ರಲ್ಲಿ ಒಂದು ಜಾಹೀರಾತನ್ನು ತಡೆಯಿತು. ಹುಡುಗಿಯೊಬ್ಬಳು ಹುಡ್ಡಿಯ ಜಿಪ್ಪನ್ನು ಒಂದೊಂದು ಫೋಟೊದಲ್ಲೂ ಇನ್ನಷ್ಟು ಕೆಳಗಿಳಿಸುತ್ತ ಹೋಗುವ ಸರಣಿ ಅದು. ಆಕೆಗೆ 23 ವರ್ಷ ಎಂದು ಕಂಪನಿ ವಾದಿಸಿತು. ವಯಸ್ಸು ಎಷ್ಟೇ ಇರಲಿ, ನೋಡುವವರಿಗೆ 16ರೊಳಗಿನವಳಂತೆ ಕಾಣುತ್ತಾಳೆ, ಮಗುವನ್ನು ಕಾಮದ ವಸ್ತುವಾಗಿ ತೋರಿಸಿದಂತಾಗುತ್ತದೆ ಎಂದು ಸಂಸ್ಥೆ ಹೇಳಿತು. ಮುಂದೆ 2012, 2014, 2015ರಲ್ಲೂ ಇದೇ ಕಂಪನಿಯ ಜಾಹೀರಾತುಗಳ ಮೇಲೆ ಅಲ್ಲಿ ತಡೆ ಬಿತ್ತು.

ಚಾರ್ನಿ ಮೇಲೆ ಮಾಜಿ ಉದ್ಯೋಗಿಗಳು ಲೈಂಗಿಕ ಕಿರುಕುಳದ ಮೊಕದ್ದಮೆಗಳನ್ನು ಹೂಡಿದರು. ಅವರು ಆರೋಪಗಳನ್ನು ನಿರಾಕರಿಸಿದರು. ಕಂಪನಿಯ ಮಂಡಳಿ 2014ರಲ್ಲಿ ಅವರನ್ನು ಹೊರಹಾಕಿತು. 2015ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ಕಂಪನಿ ದಿವಾಳಿ ಅರ್ಜಿ ಹಾಕಿತು. 2017ರಲ್ಲಿ ಗಿಲ್ಡನ್ ಎಂಬ ಕಂಪನಿ 88 ಮಿಲಿಯನ್ ಡಾಲರ್‌ಗೆ ಹೆಸರನ್ನು ಕೊಂಡಿತು. ಲಾಸ್ ಏಂಜಲಿಸ್ ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳಕೊಂಡರು.

ಇದರ ವಿರುದ್ಧ ದಿಕ್ಕಿನ ಉದಾಹರಣೆ ಇಟಲಿಯ ಬೆನೆಟನ್. ಏಡ್ಸ್‌ನಿಂದ ಸಾಯುತ್ತಿರುವ ಯುವಕ, ಮರಣದಂಡನೆಗೆ ಕಾದಿರುವ ಕೈದಿಗಳು, ಹೀಗೆ ತೊಂಬತ್ತರ ದಶಕದಿಂದ 2000ದವರೆಗೆ ಅದರ ಜಾಹೀರಾತುಗಳೆಲ್ಲ ಸಮಾಜದ ಆತ್ಮಸಾಕ್ಷಿಯ ಮಾತಾಡುತ್ತಿದ್ದವು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ಬಟ್ಟೆ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಅಲ್ಲಿನವರು ನಮಗೆ ಮಾಲು ಕೊಡುವವರಲ್ಲ ಎಂದು ಬೆನೆಟನ್ ಮೊದಲು ಹೇಳಿತು. ಅವಶೇಷದ ನಡುವೆ ಅದರ ಲೇಬಲ್ ಹೊತ್ತ ಬಟ್ಟೆಗಳ ಫೋಟೊ ಬಂದ ಮೇಲೆ ಒಪ್ಪಿಕೊಂಡಿತು. ಸಂತ್ರಸ್ತರ ನಿಧಿಗೆ 11 ಲಕ್ಷ ಡಾಲರ್ ಕೊಟ್ಟದ್ದು 2015ರಲ್ಲಿ.

ಹಂತ 1: ಎರಡು ಲೆಕ್ಕ ಇಡಿ

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ತಯಾರಿ’, ಬಲಕ್ಕೆ ‘ಮಾರಾಟ’. ನೀವು ಪರೀಕ್ಷಿಸುವ ಕಂಪನಿಯ ಬಗ್ಗೆ ತಿಳಿದದ್ದೆಲ್ಲ ಇವೆರಡರಲ್ಲಿ ಒಂದು ಕಡೆಗೆ ಹೋಗಬೇಕು. ಎಡಗಡೆಯ ಒಳ್ಳೆಯ ಅಂಶವನ್ನು ತಂದು ಬಲಗಡೆಯ ಸಾಲ ತೀರಿಸಬಾರದು. ಬಲಗಡೆಯದನ್ನು ಎಡಕ್ಕೂ ಒಯ್ಯಬಾರದು. ‘ಸಂಬಳ ಚೆನ್ನಾಗಿ ಕೊಡ್ತಾರಲ್ಲ, ಫೋಟೊ ಹೇಗಿದ್ದರೇನು’ ಎಂದು ಅಮೆರಿಕನ್ ಅಪಾರೆಲ್ ಬಗ್ಗೆ ವರ್ಷಗಟ್ಟಲೆ ಜನ ಹೇಳಿದರು. ಆ ಮಾತಿನಿಂದ ನಷ್ಟವಾದದ್ದು ಫೋಟೊದಲ್ಲಿದ್ದ ಹುಡುಗಿಯರಿಗೆ.

ಹಾಳೆಯ ಕೆಳಗೆ ಒಂದು ಸಾಲು ಖಾಲಿ ಬಿಡಿ. ಎರಡೂ ಕಡೆಗೆ ಸೇರುವ ಒಂದೇ ಪ್ರಶ್ನೆ ಅಲ್ಲಿ ಬರುತ್ತದೆ: ಇಲ್ಲಿ ‘ಬೇಡ’ ಎನ್ನುವ ಶಕ್ತಿ ಯಾರಿಗಿದೆ? ಹೊಲಿಯುವ ಹೆಂಗಸು ‘ಇವತ್ತು ಓಟಿ (ಓವರ್‌ಟೈಮ್) ಮಾಡಲ್ಲ’ ಅಂದರೆ ಕೆಲಸ ಉಳಿಯುತ್ತದೆಯೇ? ಫೋಟೊಗೆ ನಿಂತ ಹುಡುಗಿ ‘ಹೀಗೆ ಬೇಡ’ ಅಂದರೆ? ಕ್ಯಾಮೆರಾ ಹಿಡಿದವನೇ ಸಂಬಳ ಕೊಡುವ ಮಾಲೀಕನಾಗಿದ್ದಾಗ ಅವಳ ಒಪ್ಪಿಗೆಗೆ ಎಷ್ಟು ಬೆಲೆ? ನನ್ನ ಮಟ್ಟಿಗೆ ನೈತಿಕತೆಯ ಪರೀಕ್ಷೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ಹಂತ 2: ಜಾಹೀರಾತನ್ನು ನಿಧಾನವಾಗಿ ನೋಡಿ

ಫೋನಿನಲ್ಲಿ ಜಾಹೀರಾತು ಕಣ್ಣಿಗೆ ಬಿದ್ದು ಜಾರಿಹೋಗುವುದು ಎರಡು ಸೆಕೆಂಡಿನಲ್ಲಿ. ಸ್ಕ್ರೀನ್‌ಶಾಟ್ ತೆಗೆದು, ದೊಡ್ಡದು ಮಾಡಿ, ಮನೆಯ ಇನ್ನೊಬ್ಬರ ಜೊತೆ ಕೂತು ನೋಡಿ. ಫೋಟೊದಲ್ಲಿರುವುದು ನಿಜವಾಗಿಯೂ ಮಗು, ಅದೂ ಅಶ್ಲೀಲ ಭಂಗಿಯಲ್ಲಿ ಎನ್ನಿಸಿದರೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ಸ್ಕ್ರೀನ್‌ಶಾಟ್ ಬೇಡ, ಯಾರಿಗೂ ಫಾರ್ವರ್ಡ್ ಮಾಡುವುದು ಬೇಡ. ಲಿಂಕ್ ಮಾತ್ರ ಬರೆದಿಟ್ಟುಕೊಂಡು ನೇರವಾಗಿ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ಗೆ ವರದಿ ಮಾಡಿ.

ಉಳಿದ ಜಾಹೀರಾತುಗಳಲ್ಲಿ ಮೊದಲು ಲೋಗೊವನ್ನು ಬೆರಳಿನಿಂದ ಮುಚ್ಚಿ. ಏನನ್ನು ಮಾರುತ್ತಿದ್ದಾರೆ ಎಂದು ಗೊತ್ತಾಗುತ್ತದೆಯೇ? ಸಾಕ್ಸ್ ಜಾಹೀರಾತಿನಲ್ಲಿ ಸಾಕ್ಸ್ ಬಿಟ್ಟು ಬೇರೇನೂ ತೊಡದ ಹುಡುಗಿ ಇದ್ದರೆ ಅಲ್ಲಿ ಮಾರಾಟಕ್ಕಿಟ್ಟಿರುವುದು ಸಾಕ್ಸ್ ಅಲ್ಲ.

ಎರಡನೆಯದು ವಯಸ್ಸು. ಬ್ರಿಟನ್ನಿನ 2009ರ ತೀರ್ಪು ಕೊಟ್ಟ ಅಳತೆಗೋಲು ನಮಗೂ ಉಪಯೋಗಕ್ಕೆ ಬರುತ್ತದೆ. ಆಧಾರ್ ಕಾರ್ಡಿನಲ್ಲಿರುವ ವಯಸ್ಸಿಗಿಂತ ಚಿತ್ರದಲ್ಲಿ ಕಾಣಿಸುವ ವಯಸ್ಸು ಮುಖ್ಯ. ಎರಡು ಜಡೆ, ಸ್ಕೂಲ್ ಬ್ಯಾಗ್, ಯೂನಿಫಾರಂ ಥರದ ಸ್ಕರ್ಟ್, ಗೊಂಬೆ ತುಂಬಿದ ಕೋಣೆ ಇವೆಲ್ಲ ಚಿತ್ರ ತೆಗೆದವರು ಬೇಕೆಂದೇ ಇಟ್ಟ ಗುರುತುಗಳು. 2022ರ ನವೆಂಬರ್‌ನಲ್ಲಿ ಬಲೆನ್ಸಿಯಾಗ ಕಂಪನಿ ಪುಟ್ಟ ಮಕ್ಕಳ ಕೈಗೆ ಲೈಂಗಿಕ ಬಂಧನದ ಪಟ್ಟಿಗಳನ್ನು ತೊಡಿಸಿದ ಕರಡಿ ಗೊಂಬೆಗಳನ್ನು ಕೊಟ್ಟು ಫೋಟೊ ತೆಗೆಸಿ, ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ ಕ್ಷಮೆ ಕೇಳಿತು.

ಮೂರನೆಯದು, ಕ್ಯಾಮೆರಾ ನಿಂತಿರುವ ಜಾಗ. 2014ರಲ್ಲಿ ತಡೆಬಿದ್ದ ಅಮೆರಿಕನ್ ಅಪಾರೆಲ್ ಚಿತ್ರದಲ್ಲಿ ಬಗ್ಗಿದ ಹುಡುಗಿಯ ಸ್ಕರ್ಟನ್ನು ಹಿಂದಿನಿಂದ, ಕೆಳಗಿನಿಂದ ಕದ್ದು ನೋಡುವ ಕೋನವಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಾಗೆ ಫೋಟೊ ತೆಗೆದರೆ ಪೊಲೀಸರನ್ನು ಕರೆಯುತ್ತೇವೆ. ಕ್ಯಾಲ್ವಿನ್ ಕ್ಲೈನ್ ಕಂಪನಿಯ 1995ರ ಜೀನ್ಸ್ ಜಾಹೀರಾತುಗಳಲ್ಲಿ, ಅಗ್ಗದ ನೆಲಮಾಳಿಗೆಯಂಥ ಕೋಣೆಯಲ್ಲಿ ಎಳೆಯರಂತೆ ಕಾಣುವವರನ್ನು ನಿಲ್ಲಿಸಿ, ತೆರೆಯ ಹಿಂದಿನಿಂದ ಗಂಡಸಿನ ದನಿ ಪ್ರಶ್ನೆ ಕೇಳುತ್ತಿತ್ತು. ಅಮೆರಿಕದ ನ್ಯಾಯ ಇಲಾಖೆ ವಿಚಾರಣೆ ನಡೆಸಿ ಮೊಕದ್ದಮೆ ಹೂಡದೆ ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಕಂಪನಿಯೇ ಜಾಹೀರಾತನ್ನು ಹಿಂತೆಗೆದುಕೊಂಡಿತ್ತು.

ನಾಲ್ಕನೆಯದು ಅತಿ ಸುಲಭ: ಗಂಡು ಹೆಣ್ಣಿಗೆ ಒಂದೇ ಬಟ್ಟೆಯಿದ್ದರೆ ಎರಡೂ ಫೋಟೊ ಪಕ್ಕಪಕ್ಕ ಇಡಿ. 2013ರಲ್ಲಿ ಸ್ವೀಡನ್ನಿನ ಗ್ರಾಹಕರು ಇದನ್ನೇ ಮಾಡಿದರು. ಅಮೆರಿಕನ್ ಅಪಾರೆಲ್‌ನ ಒಂದೇ ಯುನಿಸೆಕ್ಸ್ ಅಂಗಿ. ಗಂಡಸು ಪ್ಯಾಂಟ್ ಹಾಕಿ, ಗುಂಡಿ ಹಾಕಿಕೊಂಡು ನಿಂತಿದ್ದ. ಹೆಂಗಸರ ಮೈಮೇಲೆ ಗುಂಡಿ ಬಿಚ್ಚಿದ ಅಂಗಿ, ಕೆಳಗೆ ಒಳಉಡುಪು ಮಾತ್ರ. ಆ ಎರಡು ಫೋಟೊ ಒಟ್ಟಿಗೆ ಹರಿದಾಡಿದ ಮೇಲೆ ಕಂಪನಿಗೆ ಉತ್ತರ ಹೇಳುವುದು ಕಷ್ಟವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಜಾಹೀರಾತಿನ ಟೀಕೆ ನಮ್ಮಲ್ಲಿ ಬಹುಬೇಗ ‘ಸಂಸ್ಕೃತಿ ರಕ್ಷಣೆ’ಯ ಕಡೆ ಹೊರಳುತ್ತದೆ. 1995ರಲ್ಲಿ ಶೂ ಜಾಹೀರಾತೊಂದಕ್ಕೆ ಹೆಬ್ಬಾವು ಸುತ್ತಿಕೊಂಡು ಬೆತ್ತಲೆ ನಿಂತ ಮಿಲಿಂದ್ ಸೋಮನ್ ಮತ್ತು ಮಧು ಸಪ್ರೆ ಮೇಲೆ ಮುಂಬೈನಲ್ಲಿ ಕೇಸು ಬಿತ್ತು. ಅವರಿಬ್ಬರೂ ವಯಸ್ಕರು, ಹೆಸರಾಂತ ಮಾಡೆಲ್‌ಗಳು, ತಿಳಿದೇ ಒಪ್ಪಿದವರು. ಖುಲಾಸೆಯಾಗುವ ಹೊತ್ತಿಗೆ 2009 ಆಗಿತ್ತು. ಮೈ ಎಷ್ಟು ಕಾಣುತ್ತದೆ ಎಂದು ಅಳೆಯಲು ಹೊರಟರೆ ಕೊನೆಗೆ ನಮ್ಮ ಹೆಣ್ಣುಮಕ್ಕಳ ಉಡುಪನ್ನೇ ಅಳೆಯತೊಡಗುತ್ತೇವೆ. ಮನೆಯಲ್ಲಿ ಮಗಳ ಜೊತೆ ಮಾತಾಡುವಾಗ ‘ಇಂಥ ಬಟ್ಟೆ ಹಾಕ್ಬೇಡ’ ಎಂದು ಶುರುಮಾಡಿದರೆ ಮಾತು ಅಲ್ಲೇ ಮುಗಿಯುತ್ತದೆ. ‘ಈ ಫೋಟೊ ತೆಗೆದವರು ಯಾರಿರಬಹುದು, ಅವಳಿಗೆ ಬೇಡ ಅನ್ನೋ ಅವಕಾಶ ಇತ್ತಾ?’ ಎಂದು ಕೇಳಿ ನೋಡಿ. ಮಗನಿಗೂ ಇದೇ ಪ್ರಶ್ನೆ ಕೇಳಿ, ಬಿಡಬೇಡಿ.

ಹಂತ 3: ಟ್ಯಾಗ್ ತಿರುಗಿಸಿ, ಕಾರ್ಖಾನೆ ಹುಡುಕಿ

ಈಗ ಎಡಗಡೆಯ ಕಾಲಂ. ಭಾರತದಲ್ಲಿ ಮಾರುವ ಬ್ರ್ಯಾಂಡ್ ಬಟ್ಟೆಯ ಟ್ಯಾಗಿನಲ್ಲಿ ತಯಾರಕರ ಅಥವಾ ಮಾರುವವರ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರ್ ಇರುತ್ತದೆ. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದಿದ್ದರೆ ತಯಾರಕರ ಗುರುತು ಸಿಕ್ಕಿತು. ಬರೀ ‘ಮಾರ್ಕೆಟೆಡ್ ಬೈ’ ಎಂದಿದ್ದರೆ ಸಿಗುವುದು ಆಫೀಸಿನ ವಿಳಾಸ. ಹೊಲಿದವರು ಯಾರು ಎಂಬುದು ಇನ್ನೂ ಕತ್ತಲಲ್ಲೇ ಇದೆ. ‘ಮೇಡ್ ಇನ್ ಇಂಡಿಯಾ’ ಎಂಬುದು ದೇಶದ ಹೆಸರು ಮಾತ್ರ. ನೂಲು ಎಲ್ಲಿಯದು, ಬಣ್ಣ ಹಾಕಿದ್ದು ಎಲ್ಲಿ ಎಂಬುದನ್ನೂ ಅದು ಹೇಳುವುದಿಲ್ಲ.

ಮುಂದೆ ಕಂಪನಿಯ ಜಾಲತಾಣದಲ್ಲಿ ಸಪ್ಲೈಯರ್ ಪಟ್ಟಿ ಇದೆಯೇ ನೋಡಿ. ನೈಕಿ 2005ರಲ್ಲಿ, ಎಚ್ ಅಂಡ್ ಎಂ 2013ರಲ್ಲಿ ತಮ್ಮ ಕಾರ್ಖಾನೆಗಳ ಹೆಸರು ಪ್ರಕಟಿಸಿದವು. ಅದು ವ್ಯಾಪಾರದ ಗುಟ್ಟು ಎನ್ನುತ್ತಿದ್ದ ಕಂಪನಿಗಳ ವಾದ ಅಲ್ಲಿಗೆ ಸಡಿಲವಾಯಿತು. ಓಪನ್ ಸಪ್ಲೈ ಹಬ್ ಎಂಬ ಉಚಿತ ಜಾಲತಾಣದಲ್ಲಿ ಊರಿನ ಹೆಸರು ಟೈಪ್ ಮಾಡಿದರೆ ಅಲ್ಲಿನ ಕಾರ್ಖಾನೆಗಳೂ ಅವು ಯಾವ ಬ್ರ್ಯಾಂಡಿಗೆ ಹೊಲಿಯುತ್ತವೆ ಎಂಬ ವಿವರವೂ ಸಿಗುತ್ತದೆ. ಬೆಂಗಳೂರು, ಮದ್ದೂರು, ದೊಡ್ಡಬಳ್ಳಾಪುರ ಎಂದು ಹುಡುಕಿ ನೋಡಿ. ವಿದೇಶದಲ್ಲಿರುವ ಕನ್ನಡಿಗರು ತಾವಿರುವ ಊರಿನ ಮಾಲ್‌ನಲ್ಲಿ ಕೊಂಡ ಅಂಗಿಯನ್ನು ಹಿಡಿದು ಹುಡುಕಿದರೆ, ಅದು ತಮ್ಮ ತವರಿನ ಪಕ್ಕದ ಊರಿನಲ್ಲೇ ಹೊಲಿದದ್ದು ಎಂದು ತಿಳಿದರೂ ಆಶ್ಚರ್ಯವಿಲ್ಲ.

ಪಟ್ಟಿಯೇ ಇಲ್ಲವೆಂದರೆ ಹಾಳೆಯಲ್ಲಿ ‘ಕಾರ್ಖಾನೆ ಹೆಸರು ಮುಚ್ಚಿಟ್ಟಿದೆ’ ಎಂದು ಬರೆಯಿರಿ. ‘ಎಥಿಕಲ್’ ಎಂದು ದೊಡ್ಡ ಅಕ್ಷರದಲ್ಲಿ ಹೇಳಿಕೊಂಡು ವಿಳಾಸ ಕೊಡದವರನ್ನು ನಾನು ನಂಬುವುದಿಲ್ಲ.

ಹಂತ 4: ಸಂಬಳದ ಲೆಕ್ಕ ಕಲಿಯಿರಿ

ಇದು ಎಲ್ಲಕ್ಕಿಂತ ಕಷ್ಟದ ಹಂತ, ಎಲ್ಲಕ್ಕಿಂತ ಮುಖ್ಯವಾದದ್ದೂ ಹೌದು. ಕರ್ನಾಟಕದವರಿಗೆ ಮಾತ್ರ ಒಂದು ಅನುಕೂಲವಿದೆ: ಗಾರ್ಮೆಂಟ್ಸ್ ನಮ್ಮ ಕಣ್ಣೆದುರೇ ಇದೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆ ಸಂಜೆ ಐದೂವರೆ ಆರರ ಹೊತ್ತಿಗೆ ಗೇಟ್ ತೆರೆದಾಗ ಹೊರಬರುವವರಲ್ಲಿ ಬಹುಪಾಲು ಹೆಂಗಸರೇ.

ಒಳಗೆ ಒಂದು ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಕಟಿಂಗ್‌ನಿಂದ ಬಂದ ತುಂಡುಗಳು ಲೈನಿನ ಮೇಲೆ ಸಾಗುತ್ತವೆ. ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ತೋಳು ಕೂಡಿಸುವುದು. ಬೆಳಗಿಂದ ಸಂಜೆವರೆಗೆ ಅದೇ ಒಂದು ಹೊಲಿಗೆ. ಲೈನಿನ ತುದಿಯ ಬೋರ್ಡಿನಲ್ಲಿ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್, ಅದರ ಪಕ್ಕ ಬಂದದ್ದೆಷ್ಟು ಎಂಬ ಲೆಕ್ಕ. ಪೀಸ್ ಕಡಿಮೆಯಾದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾರೆ ಎಂಬುದು ಈ ಕೆಲಸದ ಹಳೆಯ ದೂರು. ಬಾತ್‌ರೂಮಿಗೆ ಎದ್ದುಹೋದರೆ ಟಾರ್ಗೆಟ್ ತಪ್ಪುತ್ತದೆ ಎಂದು ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಕಂಪನಿಯ ಜಾಲತಾಣದಲ್ಲಿ ನಗುತ್ತಿರುವ ಟೈಲರ್ ಫೋಟೊ ನೋಡಿದಾಗ ಈ ಬೋರ್ಡ್ ನೆನಪಿಟ್ಟುಕೊಳ್ಳಿ.

ಕನಿಷ್ಠ ವೇತನಕ್ಕೂ ಜೀವನ ವೇತನಕ್ಕೂ ಬಹಳ ಅಂತರವಿದೆ. ಸರ್ಕಾರ ಗೊತ್ತುಮಾಡಿದ, ಅದಕ್ಕಿಂತ ಕಡಿಮೆ ಕೊಡಬಾರದು ಎಂಬ ಮೊತ್ತ ಮೊದಲನೆಯದು. ಬಾಡಿಗೆ, ರೇಷನ್, ಮಕ್ಕಳ ಫೀಸು, ಆಸ್ಪತ್ರೆ ಎಲ್ಲ ಸೇರಿ ಒಂದು ಸಂಸಾರ ಮಾನವಾಗಿ ಬದುಕಲು ಬೇಕಾದ ಮೊತ್ತ ಎರಡನೆಯದು. ‘ನಾವು ಕಾನೂನು ಪ್ರಕಾರ ಸಂಬಳ ಕೊಡುತ್ತೇವೆ’ ಎಂಬ ಹೇಳಿಕೆ ಮೊದಲನೆಯದರ ಬಗ್ಗೆ. ಅದನ್ನೇ ನೈತಿಕತೆ ಎಂದು ಮಾರುವುದು ಸರಿಯಲ್ಲ. ಕಾನೂನು ಪಾಲಿಸುವುದು ಎಲ್ಲರ ಕರ್ತವ್ಯ.

ಅದನ್ನೂ ಪಾಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಕನಿಷ್ಠ ವೇತನದ ಜೊತೆ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರುತ್ತದೆ. ಕಾರ್ಮಿಕರ ಬಾಯಲ್ಲಿ ಅದು ‘ಡಿಎ’. 2020ರ ಏಪ್ರಿಲ್‌ನಿಂದ ಸೇರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ. ಕೊರೊನಾ ಕಾರಣ ಹೇಳಿ ಉದ್ಯಮದವರು ಕೊಡಲಿಲ್ಲ, ಸರ್ಕಾರವೂ ಮುಂದೂಡಿತು. ಯೂನಿಯನ್‌ಗಳು ಹೈಕೋರ್ಟಿಗೆ ಹೋದವು. ಬಾಕಿ ಸಮೇತ ಕೊಡಿ ಎಂದು 2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು. ಆದರೂ ಹೆಚ್ಚಿನ ಕಾರ್ಖಾನೆಗಳು ಕೊಡಲಿಲ್ಲ. ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಎಂಬ ಕಾರ್ಮಿಕ ಹಕ್ಕುಗಳ ಸಂಸ್ಥೆಯ ಲೆಕ್ಕದಲ್ಲಿ ಇದರಿಂದ ನಷ್ಟವಾದದ್ದು 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ. ವಿಷಯ ವಿದೇಶಿ ಪತ್ರಿಕೆಗಳಲ್ಲಿ ಬಂದು, ಇಲ್ಲಿಂದ ಬಟ್ಟೆ ಕೊಳ್ಳುವ ಬಯ್ಯರ್‌ಗಳನ್ನು ಪ್ರಶ್ನಿಸತೊಡಗಿದ ಮೇಲೆ, 2022ರ ಶುರುವಿನಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ವರ್ಷಕ್ಕೆ 5 ಸಾವಿರ ರೂಪಾಯಿ ಅಂದರೆ ಆ ಮನೆಗಳಲ್ಲಿ ಒಂದು ಮಗುವಿನ ಪುಸ್ತಕ, ಯೂನಿಫಾರಂ. ಆ ಹೊತ್ತಿನಲ್ಲೂ ಅದೇ ಬ್ರ್ಯಾಂಡ್‌ಗಳ ಜಾಲತಾಣದಲ್ಲಿ ‘ನ್ಯಾಯಯುತ ವೇತನ’ದ ಪುಟ ಇದ್ದೇ ಇತ್ತು.

ಯೂನಿಯನ್ ಇದೆಯೇ ಎಂದು ಕೇಳುವುದು ಇದೇ ಕಾರಣಕ್ಕೆ. ಮಾಲೀಕ ಒಳ್ಳೆಯವನು ಎಂಬುದರ ಮೇಲೆ ನಿಂತ ಸಂಬಳ ಮಾಲೀಕ ಬದಲಾದ ದಿನ ಹೋಗುತ್ತದೆ. ಲಾಸ್ ಏಂಜಲಿಸ್‌ನಲ್ಲಿ ಹಾಗೇ ಆಯಿತು. ಅಲ್ಲಿ 2003ರಲ್ಲಿ ಯೂನಿಯನ್ ಕಟ್ಟುವ ಪ್ರಯತ್ನ ನಡೆದಾಗ ಕಂಪನಿ ಅದಕ್ಕೆ ಅಡ್ಡಿಪಡಿಸಿತೆಂಬ ದೂರು ಕಾರ್ಮಿಕ ಮಂಡಳಿವರೆಗೆ ಹೋಗಿ ರಾಜಿಯಲ್ಲಿ ಮುಗಿಯಿತು, ಯೂನಿಯನ್ ಬರಲಿಲ್ಲ. ನಮ್ಮ ಕಡೆ 2016ರ ಏಪ್ರಿಲ್‌ನಲ್ಲಿ, ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣ ತೆಗೆಯಲು 58 ವರ್ಷದವರೆಗೆ ಕಾಯಬೇಕೆಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು.

ನಿಮ್ಮ ಬೀದಿಯಲ್ಲೇ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕನೊಬ್ಬರು ಇದ್ದರೆ, ಅವರಿಗೆ ಬಿಡುವಿದ್ದಾಗ, ಅವರಿಗೆ ಇಷ್ಟವಿದ್ದರೆ ಮಾತ್ರ ಕೇಳಿ: ಈ ವರ್ಷದ ಡಿಎ ಸೇರಿತಾ ಅಕ್ಕಾ? ಓಟಿಗೆ ಡಬಲ್ ಕೊಡ್ತಾರಾ, ಇಲ್ಲ ಬೇರೆ ದಿನ ರಜೆ ಕೊಟ್ಟು ಸರಿಮಾಡ್ತಾರಾ? ಪೇಸ್ಲಿಪ್ ಕನ್ನಡದಲ್ಲಿ ಇದೆಯಾ? ಮಗು ಬಿಡೋಕೆ ಕ್ರೆಶ್ ಇದೆಯಾ? ಸೂಪರ್‌ವೈಸರ್ ಅಸಭ್ಯವಾಗಿ ನಡಕೊಂಡರೆ ಹೇಳಿಕೊಳ್ಳೋಕೆ ಕಮಿಟಿ ಇದೆಯಾ, ಅದರಲ್ಲಿ ಯಾರಿದ್ದಾರೆ ಅಂತ ನಿಮಗೆ ಗೊತ್ತಾ? ಓಟಿಗೆ ದುಪ್ಪಟ್ಟು ಸಂಬಳ ಕೊಡಬೇಕೆಂಬುದು ಕಾನೂನು. ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ 2013ರ ಕಾಯ್ದೆಯಂತೆ ಕಡ್ಡಾಯ. ಅವರು ಹೇಳಿದ್ದನ್ನು ಅವರ ಹೆಸರು, ಕಾರ್ಖಾನೆ, ಫೋಟೊ ಯಾವುದನ್ನೂ ಹಾಕಿ ಪೋಸ್ಟ್ ಮಾಡಬೇಡಿ. ನಿಮ್ಮ ಒಂದು ಪೋಸ್ಟ್‌ನಿಂದ ಅವರ ಕೆಲಸ ಹೋಗಬಹುದು.

ಹಂತ 5: ಸರ್ಟಿಫಿಕೇಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಗುರುತಿದ್ದರೆ ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯೇ ಎಂದು ಪರೀಕ್ಷೆಯಾಗಿದೆ. ಹೊಲಿದವರ ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ. ಗಾಟ್ಸ್ (GOTS) ಗುರುತು ಸಾವಯವ ನಾರಿನದು, ಕನಿಷ್ಠ 70 ಶೇಕಡಾ ಇರಲೇಬೇಕು. ಅದರಲ್ಲಿ ಕಾರ್ಮಿಕರ ಷರತ್ತುಗಳೂ ಇವೆ. ಕೈಮಗ್ಗದ ಹ್ಯಾಂಡ್‌ಲೂಮ್ ಮಾರ್ಕ್, ರೇಷ್ಮೆಯ ಸಿಲ್ಕ್ ಮಾರ್ಕ್ ಬಟ್ಟೆ ಅಸಲಿ ಎನ್ನುತ್ತವೆ, ಅಷ್ಟೇ. ಎಸ್‌ಎ 8000 ಮಾತ್ರ ನೇರವಾಗಿ ಕಾರ್ಮಿಕರ ಸ್ಥಿತಿಗತಿಯದು.

ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ 2012ರ ಆಗಸ್ಟ್‌ನಲ್ಲಿ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕಿತು. ಸೆಪ್ಟೆಂಬರ್ 11ರಂದು ಅಲ್ಲಿ ಬೆಂಕಿ ಬಿತ್ತು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. 250ಕ್ಕೂ ಹೆಚ್ಚು ಮಂದಿ ಸುಟ್ಟುಹೋದರು. ಆಡಿಟ್ ಮಾಡುವವರಿಗೆ ಹಣ ಕೊಡುವುದು ಸಾಮಾನ್ಯವಾಗಿ ಕಾರ್ಖಾನೆಯೋ ಬ್ರ್ಯಾಂಡೋ ಎಂಬುದನ್ನು ಮರೆಯಬೇಡಿ. ರಾಣಾ ಪ್ಲಾಜಾ ನಂತರ ಕಾರ್ಖಾನೆಗಳ ಸುರಕ್ಷತೆಗೆಂದು ಬಂದ ಅಕಾರ್ಡ್ ಒಪ್ಪಂದ ಇದಕ್ಕಿಂತ ಗಟ್ಟಿ, ಏಕೆಂದರೆ ಸಹಿ ಹಾಕಿದ ಬ್ರ್ಯಾಂಡ್‌ಗಳ ಮೇಲೆ ಯೂನಿಯನ್‌ಗಳು ಕಾನೂನು ಕ್ರಮಕ್ಕೆ ಹೋಗಬಹುದು. ಅದು ಸದ್ಯ ಬಾಂಗ್ಲಾದೇಶ, ಪಾಕಿಸ್ತಾನಗಳ ಕಾರ್ಖಾನೆಗಳಿಗೆ ಸಂಬಂಧಿಸಿದ್ದು. ಭಾರತದ ಕಾರ್ಖಾನೆಗಳು ಅದರೊಳಗಿಲ್ಲ.

ಹಂತ 6: ಕಂಪನಿಗೆ ಐದು ಪ್ರಶ್ನೆ

ಗ್ರಾಹಕ ಸೇವೆಯ ಇಮೇಲ್ ಟ್ಯಾಗಿನಲ್ಲೋ ಜಾಲತಾಣದಲ್ಲೋ ಇರುತ್ತದೆ. ಕನ್ನಡದಲ್ಲೇ ಬರೆಯಬಹುದು, ಕರ್ನಾಟಕದಲ್ಲಿ ವ್ಯಾಪಾರ ಮಾಡುವವರು ಕನ್ನಡ ಓದಲಿ. ಹೀಗೆ ಬರೆದರೆ ಸಾಕು:

‘ಮಾನ್ಯರೇ, ನಿಮ್ಮಲ್ಲಿ ಕೊಂಡ ಅಂಗಿಯ ಟ್ಯಾಗಿನ ಫೋಟೊ ಲಗತ್ತಿಸಿದ್ದೇನೆ. ದಯವಿಟ್ಟು ತಿಳಿಸಿ. ಒಂದು, ಇದನ್ನು ಹೊಲಿದ ಕಾರ್ಖಾನೆಯ ಹೆಸರು ಮತ್ತು ಊರು ಯಾವುದು? ಎರಡು, ಈ ವರ್ಷದ ತುಟ್ಟಿಭತ್ಯೆ ಸೇರಿಸಿ ಅಲ್ಲಿನ ಟೈಲರ್ ಒಬ್ಬರ ಕನಿಷ್ಠ ತಿಂಗಳ ಸಂಬಳ ಎಷ್ಟು? ಮೂರು, ಅಲ್ಲಿ ಯೂನಿಯನ್ ಇದೆಯೇ, ಅದರ ಜೊತೆ ಲಿಖಿತ ಒಪ್ಪಂದ ಆಗಿದೆಯೇ? ನಾಲ್ಕು, ಲೈಂಗಿಕ ಕಿರುಕುಳದ ದೂರು ಸಮಿತಿ ಇದೆಯೇ? ಐದು, ನಿಮ್ಮ ಜಾಹೀರಾತಿಗೆ 18 ವರ್ಷದೊಳಗಿನವರನ್ನು ಬಳಸುತ್ತೀರಾ, ಮಾಡೆಲ್‌ಗಳು ಯಾವ ಚಿತ್ರ ಪ್ರಕಟವಾಗಬೇಕೆಂಬುದನ್ನು ನೋಡಿ ಒಪ್ಪುವ ವ್ಯವಸ್ಥೆ ಇದೆಯೇ?’

‘ನಾವು ಉನ್ನತ ಮೌಲ್ಯಗಳಿಗೆ ಬದ್ಧ’ ಎಂಬಂಥ ಉತ್ತರ ಬಂದರೆ ಅದು ಉತ್ತರವಲ್ಲ. ಪ್ರಶ್ನೆಯ ನಂಬರ್ ಹಾಕಿ ಮತ್ತೆ ಕೇಳಿ. ಒಂದು ತರಗತಿಯ ಮಕ್ಕಳೆಲ್ಲ ಸೇರಿ ಒಂದೇ ಕಂಪನಿಗೆ ಬರೆದರೆ ತಳ್ಳಿಹಾಕುವುದು ಕಷ್ಟ.

ಹಂತ 7: ಜಾಹೀರಾತಿನ ಮೇಲೆ ದೂರು

ದೂರು ಕೊಡುವ ಮುನ್ನ ಸ್ಕ್ರೀನ್‌ಶಾಟ್, ಲಿಂಕ್, ತಾರೀಖು, ಸಮಯ ಮತ್ತು ಯಾವ ಆ್ಯಪ್‌ನಲ್ಲಿ ಯಾವ ವಯಸ್ಸಿನವರಿಗೆ ಕಾಣಿಸಿತು ಎಂಬುದನ್ನು ಬರೆದಿಟ್ಟುಕೊಳ್ಳಿ.

ಭಾರತದಲ್ಲಿ ದಾರಿ ಎರಡು. ಒಂದು, 1985ರಲ್ಲಿ ಜಾಹೀರಾತು ಉದ್ಯಮದವರೇ ಸ್ಥಾಪಿಸಿಕೊಂಡ, ಮುಂಬೈನಲ್ಲಿರುವ ಎಎಸ್‌ಸಿಐ ಎಂಬ ಜಾಹೀರಾತು ಮಾನದಂಡ ಮಂಡಳಿ. ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ದೂರು ಕೊಡಬಹುದು. ಜಾಹೀರಾತು ಬದಲಿಸಿ ಅಥವಾ ತೆಗೆಯಿರಿ ಎಂದು ಅದು ಕಂಪನಿಗೆ ಹೇಳುತ್ತದೆ. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಇನ್ನೊಂದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. ದಾರಿ ತಪ್ಪಿಸುವ ಜಾಹೀರಾತಿಗೆ ಇದು 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ.

ದೂರಿನಲ್ಲಿ ‘ನನಗೆ ಮುಜುಗರವಾಯಿತು’ ಎಂದಷ್ಟೇ ಬರೆದರೆ ಸಾಲದು, ನಿಯಮ ಹೇಳಿ. ಪ್ರಾಧಿಕಾರದ 2022ರ ಜೂನ್ ಮಾರ್ಗಸೂಚಿಯಲ್ಲಿ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ಪ್ರತ್ಯೇಕ ಭಾಗವಿದೆ: ಅವರ ಅನುಭವದ ಕೊರತೆಯನ್ನು ಬಳಸಿಕೊಳ್ಳಬಾರದು, ತಮ್ಮ ಮೈಕಟ್ಟಿನ ಬಗ್ಗೆ ಕೀಳರಿಮೆ ಹುಟ್ಟಿಸಬಾರದು. ಇನ್‌ಫ್ಲುಯೆನ್ಸರ್‌ಗಳು ದುಡ್ಡು ಅಥವಾ ಉಚಿತ ಬಟ್ಟೆ ಪಡೆದು ಹೊಗಳುತ್ತಿದ್ದರೆ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ಹೇಳಲೇಬೇಕು. ಆಧಾರವಿಲ್ಲದೆ ‘ಪರಿಸರಸ್ನೇಹಿ’ ಎನ್ನುವಂತಿಲ್ಲ ಎಂಬ ಮಾರ್ಗಸೂಚಿ 2024ರ ಅಕ್ಟೋಬರ್‌ನಲ್ಲಿ ಬಂತು.

ಹಂತ 8: ಕೊಳ್ಳುವುದೋ ಬೇಡವೋ

ದುಬಾರಿಯಾದದ್ದು ನ್ಯಾಯವಾಗಿ ತಯಾರಾದದ್ದು ಎಂದುಕೊಳ್ಳಬೇಡಿ. ಒಂದೇ ಕಾರ್ಖಾನೆಯಲ್ಲಿ ಬೇರೆ ಬೇರೆ ಬೆಲೆಯ ಬ್ರ್ಯಾಂಡ್‌ಗಳ ಬಟ್ಟೆ ಹೊಲಿಯುವುದು ಮಾಮೂಲು. ಬಡ ವಿದ್ಯಾರ್ಥಿ ಸಂತೆಯಲ್ಲಿ 200 ರೂಪಾಯಿಯ ಟೀಶರ್ಟ್ ಕೊಂಡರೆ ಅವನ ಮೇಲೆ ಪಾಪದ ಹೊರೆ ಹೊರಿಸುವುದೂ ಬೇಡ. ಇದ್ದ ಬಟ್ಟೆಯನ್ನು ಹೆಚ್ಚು ದಿನ ಹಾಕಿ, ಹರಿದದ್ದನ್ನು ಬೀದಿಯ ಟೈಲರ್ ಹತ್ತಿರ ಸರಿಮಾಡಿಸಿಕೊಳ್ಳಿ.

ಬಹಿಷ್ಕಾರದ ಮಾತು ಬಂದಾಗ ಕಾರ್ಮಿಕರು ಏನು ಕೇಳುತ್ತಿದ್ದಾರೆ ಎಂದು ಮೊದಲು ನೋಡಿ. ರಾಣಾ ಪ್ಲಾಜಾ ಆದ ಮೇಲೆ ಬಾಂಗ್ಲಾದ ಯೂನಿಯನ್‌ಗಳು ನಮ್ಮ ಬಟ್ಟೆ ಕೊಳ್ಳಬೇಡಿ ಎನ್ನಲಿಲ್ಲ, ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿಸಿ ಎಂದರು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಎಚ್ ಅಂಡ್ ಎಂಗೆ ಹೊಲಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ ಸಾವಿರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಹೆಂಗಸರು, ಗೇಟಿನ ಮುಂದೆ ಕೂತು ಕೇಳಿದ್ದು ಕೆಲಸವನ್ನು. ಆದರೆ ಜಾಹೀರಾತಿನ ವಿಷಯ ಬೇರೆ. ಮಕ್ಕಳನ್ನು ಸರಕಾಗಿಸುವ ಕಂಪನಿಯನ್ನು ಅನ್‌ಫಾಲೋ ಮಾಡಿ, ‘ಈ ಜಾಹೀರಾತು ಬೇಡ’ ಒತ್ತಿ, ದೂರು ಕೊಡಿ. ಅದರಿಂದ ಯಾವ ಟೈಲರ್‌ಗೂ ನಷ್ಟವಿಲ್ಲ.

ಹಾಳೆಯನ್ನು ಎಸೆಯಬೇಡಿ. ಕಂಪನಿಯಿಂದ ಬಂದ ಉತ್ತರವನ್ನು ಅದಕ್ಕೇ ಪಿನ್ ಮಾಡಿ, ಉತ್ತರ ಬರದಿದ್ದರೆ ಕಳಿಸಿದ ತಾರೀಖು ಬರೆದಿಡಿ. ಏಪ್ರಿಲ್‌ನಲ್ಲಿ ಹೊಸ ತುಟ್ಟಿಭತ್ಯೆಯ ಮೊತ್ತವನ್ನು ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನೋಡಿಕೊಂಡು, ಎರಡನೇ ಪ್ರಶ್ನೆಗೆ ಆ ಅಂಕಿ ಸೇರಿಸಿ ಅದೇ ಇಮೇಲ್ ಮತ್ತೆ ಕಳಿಸಿ.